ಮನೆಯೊಳಗೆ ಕಂಡ ಜೇಡ ಯಾವುದು, ಪುಟ್ಟ ಮಗುವಿಗೆ ಅದರಿಂದ ಅಪಾಯವೆಷ್ಟು: ಗುರುತಿಸುವ ಕ್ರಮ

ತೆವಳುವ ಅಥವಾ ಆಗಷ್ಟೇ ಹೆಜ್ಜೆಯಿಡಲು ಕಲಿತ ಮಗುವಿರುವ ಮನೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. ತೊಟ್ಟಿಲ ಬದಿಯಲ್ಲೋ ಆಟಿಕೆಯ ಬುಟ್ಟಿಯಲ್ಲೋ ಒಂದು ಜೇಡ ಕಂಡಿದೆ, ಇದು ವಿಷದ ಜೇಡವೇ? ಪ್ರಶ್ನೆಯ ಜೊತೆಗೆ ಬರುವ ಚಿತ್ರ ಬಹುತೇಕ ಮಸುಕಾಗಿರುತ್ತದೆ, ಕೆಲವೊಮ್ಮೆ ಚಪ್ಪಲಿಯ ಏಟಿಗೆ ಸಿಕ್ಕ ನಾಲ್ಕಾರು ಕಾಲುಗಳಷ್ಟೇ ಅದರಲ್ಲಿ ಉಳಿದಿರುತ್ತವೆ. ಅಂಥ ಚಿತ್ರವನ್ನು ನೋಡಿ ಯಾರೂ ಖಚಿತವಾದ ಉತ್ತರ ಕೊಡಲಾರರು. ಆದ್ದರಿಂದ ನೀವೇ ಗುರುತಿಸಿಕೊಳ್ಳಬಹುದಾದ ಕ್ರಮವನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

ಮೊದಲು ಪ್ರಶ್ನೆಯನ್ನೇ ಸ್ವಲ್ಪ ತಿದ್ದಿಕೊಳ್ಳಬೇಕು. ಜಗತ್ತಿನಲ್ಲಿ ಈವರೆಗೆ ಹೆಸರಿಸಲಾಗಿರುವ ಜೇಡ ಪ್ರಭೇದಗಳು 50,000ಕ್ಕೂ ಹೆಚ್ಚು. ಅವುಗಳಲ್ಲಿ ಬೆರಳೆಣಿಕೆಯ ಕುಟುಂಬಗಳನ್ನು ಬಿಟ್ಟರೆ ಉಳಿದವೆಲ್ಲಕ್ಕೂ ವಿಷವಿದೆ, ಏಕೆಂದರೆ ಹಿಡಿದ ಕೀಟವನ್ನು ಅವು ಕೊಲ್ಲುವುದು ವಿಷದಿಂದಲೇ. ಹೀಗಾಗಿ ‘ವಿಷವಿದೆಯೇ’ ಎಂದು ಕೇಳುವುದರಿಂದ ಏನೂ ತಿಳಿಯುವುದಿಲ್ಲ. ಈ ಜೇಡದ ಕೋರೆ ಮಗುವಿನ ಚರ್ಮವನ್ನು ದಾಟಬಲ್ಲದೇ, ಅದರ ವಿಷ ಮನುಷ್ಯನ ಮೈಯಲ್ಲಿ ಕೆಲಸ ಮಾಡುತ್ತದೆಯೇ, ಅದು ಕಡಿಯಬೇಕಾದ ಇಕ್ಕಟ್ಟಿಗೆ ಸಿಲುಕುವ ಜಾಗದಲ್ಲಿದೆಯೇ ಎಂಬ ಮೂರನ್ನು ಕೇಳಿಕೊಳ್ಳಬೇಕು. ಮನೆಯೊಳಗಿನ ಹೆಚ್ಚಿನ ಜೇಡಗಳು ಈ ಮೂರರಲ್ಲಿ ಒಂದರಲ್ಲಾದರೂ ಅಪಾಯದ ಪಟ್ಟಿಯಿಂದ ಹೊರಬೀಳುತ್ತವೆ.

ಬೇಕಾಗುವ ವಸ್ತುಗಳು ಮನೆಯಲ್ಲೇ ಇರುತ್ತವೆ: ಅಗಲ ಬಾಯಿಯ ಪಾರದರ್ಶಕ ಗಾಜಿನ ಲೋಟ ಅಥವಾ ಡಬ್ಬಿ, ಗಟ್ಟಿ ಕಾಗದದ ಹಾಳೆ, ಟಾರ್ಚು, ಮೊಬೈಲ್ ಕ್ಯಾಮೆರಾ, ಅಳತೆಗೆ ಒಂದು ಸ್ಕೇಲು ಅಥವಾ ನಾಣ್ಯ.

1. ಅದು ಜೇಡವೇ ಎಂದು ನೋಡಿ

ಜೇಡಕ್ಕೆ ಎಂಟು ಕಾಲುಗಳು ಮತ್ತು ತೆಳ್ಳನೆಯ ಸೊಂಟದಿಂದ ಸ್ಪಷ್ಟವಾಗಿ ಬೇರ್ಪಟ್ಟ ಎರಡು ಭಾಗದ ದೇಹ ಇರುತ್ತವೆ. ಮುಂದಿನ ಭಾಗವನ್ನು ಶಿರೋವಕ್ಷ ಎನ್ನುತ್ತಾರೆ, ಅಂದರೆ ತಲೆ ಮತ್ತು ಎದೆ ಸೇರಿ ಒಂದಾದ ಭಾಗ; ಕಣ್ಣು, ಕೋರೆ, ಕಾಲುಗಳು ಇರುವುದು ಇದರಲ್ಲಿ. ಹಿಂದಿನದು ಉದರ, ನೂಲು ಹೊರಡುವುದು ಇದರ ತುದಿಯಿಂದ. ರೆಕ್ಕೆಯಾಗಲಿ ಮೀಸೆಯಾಗಲಿ ಇರುವುದಿಲ್ಲ. ದೇಹ ಒಂದೇ ಗುಂಡಿಯಂತಿದ್ದು ಕೂದಲಿನಂಥ ಉದ್ದ ಕಾಲುಗಳಿದ್ದರೆ ಅದು ಜೇಡದ ದೂರದ ನೆಂಟ, ವಿಷವೇ ಇಲ್ಲದ ಜೀವಿ. ಎಂಟು ಕಾಲಿದ್ದೂ ಸೊಂಟವಿಲ್ಲದೆ ಚರ್ಮಕ್ಕೆ ಕಚ್ಚಿಕೊಂಡಿದ್ದರೆ ಅದು ಉಣ್ಣೆ, ಅದಕ್ಕೆ ಬೇರೆಯೇ ಆರೈಕೆ ಬೇಕು.

2. ಕೊಲ್ಲುವ ಮೊದಲು ಅದು ಇದ್ದ ಜಾಗವನ್ನು ನೋಡಿಕೊಳ್ಳಿ

ಎಲ್ಲರೂ ಬಿಟ್ಟುಬಿಡುವ ಹಂತ ಇದು, ಆದರೆ ನನ್ನ ದೃಷ್ಟಿಯಲ್ಲಿ ಬಣ್ಣಕ್ಕಿಂತಲೂ ಗಾತ್ರಕ್ಕಿಂತಲೂ ಹೆಚ್ಚು ಸುಳಿವು ಕೊಡುವುದು ಇದೇ. ಒಂದೇ ಪ್ರಭೇದದಲ್ಲಿ ಮರಿ, ಗಂಡು, ಹೆಣ್ಣುಗಳ ಬಣ್ಣ ಬೇರೆಬೇರೆ ಇರಬಹುದು. ಬಲೆ ನೇಯುವ ರೀತಿ ಮಾತ್ರ ಸುಲಭವಾಗಿ ಬದಲಾಗುವುದಿಲ್ಲ.

ಛಾವಣಿಯ ಮೂಲೆಯಲ್ಲಿ, ಕಪಾಟಿನ ಹಿಂದೆ ಸಡಿಲವಾದ ಜಾಳು ಬಲೆಯಲ್ಲಿ ತಲೆಕೆಳಗಾಗಿ ತೂಗುತ್ತಿರುವ, ಸಣ್ಣ ಕಡ್ಡಿಯಂಥ ದೇಹಕ್ಕೆ ದಾರದಂಥ ಕಾಲುಗಳಿರುವ ಜೇಡವನ್ನು ನೀವು ನೂರು ಸಲ ನೋಡಿರುತ್ತೀರಿ. ಬಲೆಯನ್ನು ಮುಟ್ಟಿದರೆ ಅದು ಗಡಗಡ ನಡುಗಿ ತನ್ನ ಆಕಾರವೇ ಕಾಣದಂತೆ ಮಾಡಿಕೊಳ್ಳುತ್ತದೆ. ದೇಹ 7ರಿಂದ 10 ಮಿಲಿಮೀಟರ್ ಅಷ್ಟೆ. ಜಗತ್ತಿನಲ್ಲೇ ಅತಿ ಘೋರ ವಿಷ ಇದರದ್ದು, ಕೋರೆ ಚಿಕ್ಕದಾದ್ದರಿಂದ ನಾವು ಬದುಕಿದ್ದೇವೆ ಎಂಬ ಮಾತು ಎಷ್ಟೋ ಭಾಷೆಗಳಲ್ಲಿ ಓಡಾಡುತ್ತಿದೆ. ಅದಕ್ಕೆ ಯಾವ ಆಧಾರವೂ ಇಲ್ಲ. ಇದು ನಿರುಪದ್ರವಿ, ಬೇರೆ ಜೇಡಗಳನ್ನೂ ಹಿಡಿದು ತಿನ್ನುತ್ತದೆ.

ಬಲೆಯೇ ಇಲ್ಲದೆ, ಹಗಲು ಹೊತ್ತಿನಲ್ಲಿ ಕಿಟಕಿಯ ಚೌಕಟ್ಟಿನ ಮೇಲೆ ಚಕಚಕನೆ ನಡೆದು, ನಿಂತು, ತಿರುಗಿ ನಿಮ್ಮನ್ನೇ ದಿಟ್ಟಿಸುವ ಗಿಡ್ಡ ಜೇಡ ನೆಗೆಯುವ ಜೇಡ. ಮುಖದ ಮುಂದೆ ಹೆಡ್‌ಲೈಟಿನಂಥ ಎರಡು ದೊಡ್ಡ ಕಣ್ಣುಗಳಿದ್ದರೆ ಸಂಶಯವೇ ಬೇಡ. ಇದರಿಂದಲೂ ಮಗುವಿಗೆ ಹೇಳಿಕೊಳ್ಳುವಂಥ ಅಪಾಯವಿಲ್ಲ.

ರಾತ್ರಿ ದೀಪ ಹಾಕಿದಾಗ ಗೋಡೆಯ ಮೇಲೆ ಅಂಗೈಯಗಲಕ್ಕೆ ಕಾಲು ಚಾಚಿ ಕುಳಿತು, ಹತ್ತಿರ ಹೋದರೆ ಏಡಿಯಂತೆ ಅಡ್ಡಡ್ಡ ಓಡಿ ಕ್ಯಾಲೆಂಡರಿನ ಹಿಂದೆ ನುಸುಳುವ ಚಪ್ಪಟೆ ಜೇಡ ಬೇಟೆಜೇಡ, ಹಂಟ್ಸ್‌ಮನ್ ಎಂದೂ ಕರೆಯುತ್ತಾರೆ. ಬೆಚ್ಚಗಿನ ಪ್ರದೇಶಗಳ ಮನೆಗಳಲ್ಲಿ ಇದು ಸಾಮಾನ್ಯ. ಹೆಣ್ಣು ತನ್ನ ಮೊಟ್ಟೆಗಳನ್ನು ಬಿಳಿಯ ಬಿಲ್ಲೆಯಂಥ ಚೀಲದಲ್ಲಿಟ್ಟು ಎದೆಯ ಕೆಳಗೆ ಹೊತ್ತು ತಿರುಗುತ್ತದೆ. ಅತಿ ಹೆಚ್ಚು ಹೆದರಿಕೆ ಹುಟ್ಟಿಸುವುದು ಇದೇ. ಹಾಗೆಂದು ಇದರ ಕಡಿತದಿಂದ ಆಗುವುದು ಹೆಚ್ಚೆಂದರೆ ಸ್ವಲ್ಪ ಹೊತ್ತಿನ ನೋವು ಮತ್ತು ಊತ. ಜಿರಳೆ ಇದರ ಅಚ್ಚುಮೆಚ್ಚಿನ ಆಹಾರ. ಮೊಟ್ಟೆ ಹೊತ್ತ ಹೆಣ್ಣನ್ನು ಮಾತ್ರ ಕೆಣಕಬೇಡಿ.

ಈಗ ಗಮನಕ್ಕೆ ಬರಬೇಕಾದ ಬಲೆಗಳು. ನೆಲಕ್ಕೆ ಹತ್ತಿರ, ಕತ್ತಲಿನಲ್ಲಿ, ಕುರ್ಚಿಯ ಅಡಿಯಲ್ಲಿ, ಹೊರಗಿಟ್ಟ ಮೂರು ಚಕ್ರದ ಸೈಕಲ್ಲಿನ ಸೀಟಿನ ಕೆಳಗೆ, ಹೂಕುಂಡದ ಅಂಚಿನಲ್ಲಿ ಅಡ್ಡಾದಿಡ್ಡಿಯಾಗಿ ಹೆಣೆದ, ಕಡ್ಡಿಯಿಂದ ಎಳೆದರೆ ಚಟಪಟ ಸದ್ದು ಮಾಡಿ ಹರಿಯುವಷ್ಟು ಗಟ್ಟಿಯಾದ ಎಳೆಗಳಿದ್ದರೆ ಅಲ್ಲಿ ವಿಡೋ ಎಂಬ ಅಪಾಯಕಾರಿ ಗುಂಪಿನ ಜೇಡ ಇರಬಹುದೆಂದು ತಿಳಿದೇ ಮುಂದುವರಿಯಿರಿ. ಹಾಗೆಯೇ ವರ್ಷಗಟ್ಟಲೆ ಅಲುಗಿಸದ ರಟ್ಟಿನ ಪೆಟ್ಟಿಗೆ, ಹಳೆಯ ಬಟ್ಟೆಯ ಗಂಟುಗಳ ನಡುವೆ ಅಡಗಿರುವ ಕಂದು ಜೇಡವನ್ನು ಕೈಯಿಂದ ಸರಿಸಬೇಡಿ.

3. ಮುಚ್ಚಿ ಹಿಡಿಯಿರಿ, ಮೂರು ಚಿತ್ರ ತೆಗೆಯಿರಿ

ಮಗುವನ್ನು ಇನ್ನೊಬ್ಬರ ಕೈಗೆ ಕೊಟ್ಟು ಬೇರೆ ಕೋಣೆಗೆ ಕಳುಹಿಸಿದ ಮೇಲೆ ಜೇಡದ ಮೇಲೆ ಲೋಟವನ್ನು ಕವುಚಿ, ಅಂಚಿನಡಿಯಲ್ಲಿ ಗಟ್ಟಿ ಕಾಗದವನ್ನು ನಿಧಾನವಾಗಿ ತೂರಿಸಿ. ಲೋಟ ಪಾರದರ್ಶಕವಾಗಿರಬೇಕೆಂದು ಹೇಳಿದ್ದು ಇದಕ್ಕಾಗಿಯೇ: ಬೆನ್ನು, ಮುಖ ಮತ್ತು ಹೊಟ್ಟೆಯ ಅಡಿ, ಈ ಮೂರರ ಚಿತ್ರಗಳು ಬೇಕು, ಮತ್ತು ಗುರುತಿಸುವವರಿಗೆ ನಿಜವಾಗಿ ಬೇಕಾದ ಅಡಿಯ ಚಿತ್ರವನ್ನೇ ಯಾರೂ ತೆಗೆಯುವುದಿಲ್ಲ. ಪಕ್ಕದಲ್ಲಿ ಸ್ಕೇಲು ಅಥವಾ ನಾಣ್ಯವಿಡಿ. ಅಳೆಯುವಾಗ ದೇಹದ ಉದ್ದವನ್ನು ಮಾತ್ರ ಅಳೆಯಿರಿ; ಕಾಲು ಸೇರಿಸಿ ಅಳೆದರೆ ಮೂಲೆಯ ಬಡಪಾಯಿ ಜೇಡವೂ ರಾಕ್ಷಸನಾಗುತ್ತದೆ. ಓಡಿಹೋದ ಜೇಡವನ್ನು ಹಿಡಿಯಲು ಪೀಠೋಪಕರಣದ ಸಂದಿಗೆ ಕೈ ಹಾಕಬಾರದು.

4. ಮೈಯ ಗುರುತುಗಳನ್ನು ಓದಿ

ಇಲ್ಲಿ ನೋಡಬೇಕಾದ್ದು ಎರಡೇ: ಹೊಟ್ಟೆಯ ಅಡಿಯ ಮಚ್ಚೆ ಮತ್ತು ಕಣ್ಣುಗಳ ಜೋಡಣೆ.

ವಿಡೋ ಗುಂಪಿನ ಹೆಣ್ಣಿನ ಉದರ ಬಟಾಣಿಯಂತೆ ದುಂಡಗೆ, ನಯವಾಗಿ ಹೊಳೆಯುತ್ತಿರುತ್ತದೆ. ದೇಹದ ಉದ್ದ ಸುಮಾರು 1 ಸೆಂಟಿಮೀಟರ್. ಅಡಿಯಲ್ಲಿ ಮರಳುಗಡಿಯಾರದ ಆಕಾರದ ಕೆಂಪು ಅಥವಾ ಕಿತ್ತಳೆ ಮಚ್ಚೆ ಇರುತ್ತದೆ. ಆಸ್ಟ್ರೇಲಿಯಾದ ರೆಡ್‌ಬ್ಯಾಕ್ ಜೇಡಕ್ಕೆ ಬೆನ್ನ ಮೇಲೂ ಕೆಂಪು ಪಟ್ಟಿಯಿದೆ. ಬೆಚ್ಚಗಿನ ದೇಶಗಳಲ್ಲೆಲ್ಲ ಮನುಷ್ಯರ ಜೊತೆಯೇ ಹಬ್ಬಿರುವ ಕಂದು ವಿಡೋ ಕಪ್ಪಗಿರುವುದಿಲ್ಲ, ಕಾಲುಗಳ ಮೇಲೆ ಪಟ್ಟೆಗಳಿರುತ್ತವೆ. ಅದರ ಬಲೆಯಲ್ಲಿ ಮೈತುಂಬ ಮೊನೆಗಳಿರುವ ಗುಂಡು ಮೊಟ್ಟೆಚೀಲ ಕಂಡರೆ ಗುರುತು ಖಚಿತ. ಇದರ ಕಡಿತ ಸಾಮಾನ್ಯವಾಗಿ ಕಪ್ಪು ವಿಡೋ ಕಡಿತದಷ್ಟು ತೀವ್ರವಾಗುವುದಿಲ್ಲ. ‘ಕಪ್ಪಗಿಲ್ಲ, ಆದ್ದರಿಂದ ವಿಡೋ ಅಲ್ಲ’ ಎಂದುಕೊಳ್ಳುವುದು ಇಲ್ಲಿನ ಮೊದಲ ತಪ್ಪು; ವಿಡೋ ಮರಿಗಳ ಮೈಮೇಲೆ ಬಿಳಿ, ಕೆನೆ ಬಣ್ಣದ ಗೆರೆಗಳೂ ಇರುತ್ತವೆ.

ಎರಡನೆಯ ತಪ್ಪು ರಿಕ್ಲೂಸ್ ಜೇಡದ್ದು, ಅಂದರೆ ಹಳೆಯ ಪೆಟ್ಟಿಗೆ, ಬಟ್ಟೆಗಂಟುಗಳಲ್ಲಿ ಅಡಗುವ ಅಪಾಯಕಾರಿ ಕಂದು ಜೇಡದ್ದು. ಇದರ ಶಿರೋವಕ್ಷದ ಮೇಲೆ ಪಿಟೀಲಿನ ಆಕಾರದ ಕಪ್ಪು ಗುರುತಿರುತ್ತದೆ ಎಂದು ಎಲ್ಲೆಡೆ ಓದುತ್ತೀರಿ, ಓದಿದ ಮೇಲೆ ಕಂಡಕಂಡ ಕಂದು ಜೇಡದ ತಲೆಯ ಮೇಲೂ ಪಿಟೀಲೇ ಕಾಣುತ್ತದೆ. ಆ ಗುರುತನ್ನು ನಂಬಬೇಡಿ, ಕಣ್ಣುಗಳನ್ನು ಎಣಿಸಿ. ಹೆಚ್ಚಿನ ಜೇಡಗಳಿಗೆ ಎಂಟು ಕಣ್ಣು. ರಿಕ್ಲೂಸಿಗೆ ಆರು, ಅವೂ ಎರಡೆರಡರಂತೆ ಮೂರು ಬಿಡಿ ಜೋಡಿಗಳಾಗಿ. ಚಿತ್ರವನ್ನು ಹಿಗ್ಗಿಸಿ ನೋಡಿದರೆ ಇದು ಕಾಣುತ್ತದೆ. ಜೊತೆಗೆ ಉದರದ ಮೇಲೆ ಯಾವ ಚಿತ್ತಾರವೂ ಇರಬಾರದು, ಕಾಲುಗಳ ಮೇಲೆ ಪಟ್ಟೆಯೂ ಮುಳ್ಳೂ ಇರಬಾರದು. ಇವುಗಳಲ್ಲಿ ಒಂದು ತಪ್ಪಿದರೂ ಅದು ರಿಕ್ಲೂಸ್ ಅಲ್ಲ.

5. ನೀವಿರುವ ಪ್ರದೇಶದೊಂದಿಗೆ ತಾಳೆ ನೋಡಿ

ಚಿಕ್ಕ ಮಕ್ಕಳ ಜೀವಕ್ಕೆ ನಿಜವಾಗಿ ಅಪಾಯ ತರಬಲ್ಲ ಜೇಡಗಳು ಮುಖ್ಯವಾಗಿ ನಾಲ್ಕು ಗುಂಪಿಗೆ ಸೇರಿದವು, ಅವುಗಳಲ್ಲಿ ಎರಡು ಒಂದೊಂದು ಭೂಭಾಗಕ್ಕಷ್ಟೇ ಸೀಮಿತ. ಫನೆಲ್ ವೆಬ್ ಗುಂಪಿನ ಮಾರಕ ಜೇಡಗಳಿರುವುದು ಆಸ್ಟ್ರೇಲಿಯಾದಲ್ಲಿ, ಹೆಚ್ಚಾಗಿ ಅದರ ಪೂರ್ವ ಭಾಗದಲ್ಲಿ. ಸಂಗಾತಿಯನ್ನು ಹುಡುಕುತ್ತ ಅಲೆಯುವ ಸಿಡ್ನಿ ಫನೆಲ್ ವೆಬ್ ಗಂಡು ಮನೆಯೊಳಗೆ ಬಂದುಬಿಡುವುದುಂಟು. ಅಲ್ಲಿ 1981ರಲ್ಲಿ ಪ್ರತಿವಿಷ, ಅಂದರೆ ನಿರ್ದಿಷ್ಟ ವಿಷವನ್ನು ನಿಷ್ಕ್ರಿಯಗೊಳಿಸುವ ಔಷಧ, ಬಳಕೆಗೆ ಬಂದ ಮೇಲೆ ಇದರ ಕಡಿತದಿಂದ ಸಾವು ವರದಿಯಾಗಿಲ್ಲ. ಕೆಣಕಿದರೆ ಮುಂಗಾಲುಗಳನ್ನು ಮೇಲೆತ್ತಿ ನಿಲ್ಲುವ ಫೊನ್ಯೂಟ್ರಿಯಾ ಎಂಬ ಅಲೆಮಾರಿ ಜೇಡ ದಕ್ಷಿಣ ಮತ್ತು ಮಧ್ಯ ಅಮೆರಿಕಕ್ಕೆ ಸೇರಿದ್ದು. ಅಮೆರಿಕ ಸಂಯುಕ್ತ ಸಂಸ್ಥಾನದ ಬ್ರೌನ್ ರಿಕ್ಲೂಸ್ ಆ ದೇಶದ ಮಧ್ಯ ಮತ್ತು ದಕ್ಷಿಣ ಭಾಗಗಳಲ್ಲಷ್ಟೇ ನೆಲೆಸಿದೆ. ಆದರೆ ಅದರ ಮೆಡಿಟರೇನಿಯನ್ ಸೋದರ ಸರಕುಗಳ ಜೊತೆಗೆ ಹಲವು ದೇಶಗಳಿಗೆ ಹೋಗಿದೆ. ವಿಡೋ ಗುಂಪೊಂದೇ ಅಂಟಾರ್ಕ್ಟಿಕಾ ಬಿಟ್ಟು ಎಲ್ಲ ಖಂಡಗಳಲ್ಲೂ ಇದೆ. ಹಾಗಾಗಿ ಬೇರೆ ಖಂಡದ ಜೇಡದ ಬಗ್ಗೆ ಬರೆದದ್ದನ್ನು ಓದಿ ನಿಮ್ಮ ಗೋಡೆಯ ಮೇಲಿನ ಜೇಡಕ್ಕೆ ಅದೇ ಹೆಸರಿಡಬೇಡಿ.

6. ಅಪಾಯವನ್ನು ತೂಗಿ ನೋಡಿ

ಮಗುವಿನ ವಿಷಯದಲ್ಲಿ ಲೆಕ್ಕ ಬದಲಾಗುವುದು ಎರಡು ಕಾರಣಗಳಿಗೆ. ಜೇಡ ಚುಚ್ಚುವ ವಿಷದ ಪ್ರಮಾಣ ಮೈತೂಕವನ್ನು ನೋಡಿ ಬರುವುದಿಲ್ಲ. 60 ಕಿಲೋ ತೂಗುವ ತಾಯಿಗೂ 10 ಕಿಲೋ ತೂಗುವ ಮಗುವಿಗೂ ಅಷ್ಟೇ ವಿಷ ಸೇರಿದರೆ, ಮಗುವಿನ ಪ್ರತಿ ಕಿಲೋ ತೂಕಕ್ಕೆ ಆರು ಪಟ್ಟು ಬಿದ್ದಂತಾಯಿತು. ಎರಡನೆಯದಾಗಿ, ಮಾತು ಬಾರದ ಮಗು ಎಲ್ಲಿ ನೋವು, ಏನು ಕಡಿಯಿತು ಎಂದು ಹೇಳಲಾರದು. ಆದ್ದರಿಂದ ಸಾಮಾನ್ಯ ಜೇಡಗಳ ವಿಷಯದಲ್ಲಿ ನಾನು ದೊಡ್ಡವರಿಗೆ ಹೇಳುವುದನ್ನೇ ಮಗುವಿಗೂ ಹೇಳುತ್ತೇನೆ, ಆದರೆ ಮೇಲಿನ ನಾಲ್ಕು ಗುಂಪುಗಳ ವಿಷಯದಲ್ಲಿ ‘ಸ್ವಲ್ಪ ಕಾದು ನೋಡಿ’ ಎನ್ನುವುದಿಲ್ಲ.

ಇನ್ನೊಂದು ತಟ್ಟೆಯಲ್ಲಿ ಇಡಬೇಕಾದ್ದೂ ಇದೆ. ಜೇಡ ರಕ್ತ ಹೀರುವ ಜೀವಿಯಲ್ಲ, ಮಲಗಿದ ಮಗುವನ್ನು ಹುಡುಕಿಕೊಂಡು ಬರಲು ಅದಕ್ಕೆ ಯಾವ ಕಾರಣವೂ ಇಲ್ಲ. ಅದು ಕಡಿಯುವುದು ಬಟ್ಟೆಗೂ ಚರ್ಮಕ್ಕೂ ನಡುವೆ, ಬೂಟಿನೊಳಗೆ ಅಥವಾ ಮುಷ್ಟಿಯಲ್ಲಿ ಸಿಕ್ಕಿ ಅದುಮಿದಾಗ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಒಂದು ಮನೆಯಲ್ಲಿ ಆರು ತಿಂಗಳಲ್ಲಿ 2,055 ಬ್ರೌನ್ ರಿಕ್ಲೂಸ್ ಜೇಡಗಳನ್ನು ಹಿಡಿದು ಎಣಿಸಿದ ವರದಿ 2002ರಲ್ಲಿ ಪ್ರಕಟವಾಯಿತು. ವರ್ಷಗಳಿಂದ ಅದೇ ಮನೆಯಲ್ಲಿದ್ದ ನಾಲ್ವರ ಕುಟುಂಬದಲ್ಲಿ ಯಾರಿಗೂ ವಿಷ ಏರಿದ ಲಕ್ಷಣ ಕಂಡಿರಲಿಲ್ಲ. ಅದೇ ವರ್ಷ ಆಸ್ಟ್ರೇಲಿಯಾದಲ್ಲಿ, ಕಡಿದ ಜೇಡವನ್ನೇ ಹಿಡಿದು ತಂದು ತಜ್ಞರಿಂದ ಗುರುತಿಸಿದ 750 ಪ್ರಕರಣಗಳ ಅಧ್ಯಯನ ಹೊರಬಂತು. ಗಮನಾರ್ಹ ತೊಂದರೆಯಾದದ್ದು 44 ಮಂದಿಗೆ, ಅವರಲ್ಲಿ ಹೆಚ್ಚಿನವರಿಗೆ ಕಡಿದದ್ದು ರೆಡ್‌ಬ್ಯಾಕ್. ಚರ್ಮ ಕೊಳೆತು ಹುಣ್ಣಾದ ಪ್ರಕರಣ ಒಂದೂ ಇರಲಿಲ್ಲ.

ಹಾಗಾದರೆ ಬೆಳಗ್ಗೆ ಎದ್ದ ಮಗುವಿನ ಮೈಮೇಲೆ ಕಾಣುವ ಕೆಂಪು ಗುಳ್ಳೆ ಯಾವುದರದ್ದು? ಸಾಲಾಗಿ ಅಥವಾ ಗುಂಪಾಗಿ ಇದ್ದರೆ ತಿಗಣೆ, ಸೊಳ್ಳೆ, ಚಿಗಟಗಳನ್ನು ಶಂಕಿಸಿ. ಜೇಡ ಸಾಲಾಗಿ ಕಡಿಯುತ್ತ ಹೋಗುವುದಿಲ್ಲ. ಚಾಟಿ ಎಳೆದಂತೆ ಉದ್ದಕ್ಕೆ ಸುಟ್ಟ ಗುರುತಾಗಿ ನೀರುಗುಳ್ಳೆ ಎದ್ದಿದ್ದರೆ, ಜೇಡ ಮೈಮೇಲೆ ಹರಿದಾಡಿದ್ದರಿಂದ ಹೀಗಾಯಿತು ಎನ್ನುವವರು ಬಹಳ ಮಂದಿ. ಜೇಡ ಹರಿದಾಡಿದ ಮಾತ್ರಕ್ಕೆ ಚರ್ಮ ಸುಡುವುದಿಲ್ಲ. ಇದಕ್ಕೆ ಕಾರಣ ಸಾಮಾನ್ಯವಾಗಿ ದೀಪಕ್ಕೆ ಬರುವ, ಕಿತ್ತಳೆ ಮತ್ತು ಕಪ್ಪು ಬಣ್ಣದ, 1 ಸೆಂಟಿಮೀಟರಿಗಿಂತ ಚಿಕ್ಕದಾದ ಒಂದು ಜೀರುಂಡೆ. ಅದನ್ನು ಮೈಮೇಲೆ ಉಜ್ಜಿ ಕೊಂದಾಗ ಹೊರಬರುವ ರಸದಿಂದ ಹೀಗಾಗುತ್ತದೆ. ಕೀವು ತುಂಬಿ, ಬಿಸಿಯಾಗಿ, ದಿನದಿಂದ ದಿನಕ್ಕೆ ಹಿಗ್ಗುತ್ತಿರುವ ಗಡ್ಡೆಯಾದರೆ ಅದು ಬ್ಯಾಕ್ಟೀರಿಯಾದ ಸೋಂಕು ಇರುವ ಸಂಭವವೇ ಹೆಚ್ಚು. ಅದನ್ನು ‘ಜೇಡ ಕಡಿದದ್ದು’ ಎಂದು ಮನೆಯಲ್ಲಿಟ್ಟುಕೊಂಡರೆ ಬೇಕಾದ ಔಷಧ ತಡವಾಗುತ್ತದೆ.

7. ಕಡಿದಿದೆ ಎಂದು ಕಂಡರೆ

ಜಾಗವನ್ನು ಸೋಪು ಮತ್ತು ನೀರಿನಿಂದ ತೊಳೆಯಿರಿ. ಬಟ್ಟೆಯಲ್ಲಿ ಸುತ್ತಿದ ತಣ್ಣನೆಯ ಪಟ್ಟಿಯನ್ನು ಸುಮಾರು 10 ನಿಮಿಷ ಇಡಿ. ಮಂಜುಗಡ್ಡೆಯನ್ನು ನೇರವಾಗಿ ಇಡಬೇಡಿ. ಕೆಂಪಾದ ಭಾಗದ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಸಮಯ ಬರೆದಿಟ್ಟರೆ, ಅದು ಹರಡುತ್ತಿದೆಯೇ ಎಂಬುದಕ್ಕೆ ಊಹೆ ಬೇಕಾಗುವುದಿಲ್ಲ. ನೋವಿಗೆ ಪ್ಯಾರಸಿಟಮಾಲ್ ಕೊಡುವುದಾದರೆ ಮಗುವಿನ ತೂಕಕ್ಕೆ ತಕ್ಕ ಪ್ರಮಾಣದಲ್ಲಿ ಕೊಡಿ. ಮೂರು ತಿಂಗಳೊಳಗಿನ ಕೂಸಿಗೆ ವೈದ್ಯರನ್ನು ಕೇಳದೆ ಕೊಡಬೇಡಿ. ಆಸ್ಪಿರಿನ್ ಅನ್ನು ಮಕ್ಕಳಿಗೆ ಕೊಡಬಾರದು. ಧನುರ್ವಾಯು ಲಸಿಕೆ ಆಗಿದೆಯೇ ನೋಡಿಕೊಳ್ಳಿ. ಕೊಯ್ಯುವುದು, ಬಾಯಿಂದ ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು, ಸುಡುವುದು ಯಾವುದೂ ಬೇಡ. ಒಂದು ಅಪವಾದವಿದೆ: ಫನೆಲ್ ವೆಬ್ ಕಡಿತಕ್ಕೆ ಮಾತ್ರ ಅಗಲವಾದ, ಎಳೆದರೆ ಹಿಗ್ಗುವ ಬ್ಯಾಂಡೇಜನ್ನು ಇಡೀ ಕೈಗೋ ಕಾಲಿಗೋ ಉಳುಕಿಗೆ ಸುತ್ತುವಷ್ಟು ಬಿಗಿಯಾಗಿ ಸುತ್ತಿ, ಅಲುಗದಂತೆ ಇಟ್ಟು, ಆಂಬ್ಯುಲೆನ್ಸ್ ಕರೆಯಬೇಕು. ವಿಡೋ ಕಡಿತಕ್ಕೆ ಹಾಗೆ ಸುತ್ತಿದರೆ ನೋವು ಹೆಚ್ಚುತ್ತದೆ.

ಇವುಗಳಲ್ಲಿ ಒಂದು ಕಂಡರೂ, ಜೇಡ ಸಿಗಲಿ ಬಿಡಲಿ, ತಕ್ಷಣ ಆಸ್ಪತ್ರೆಗೆ ಹೊರಡಿ:

– ಏನು ಮಾಡಿದರೂ ನಿಲ್ಲದ, ಕಾರಣ ತಿಳಿಯದ ಅಳು. ಜೊತೆಗೆ ಬೆವರು, ಹೊಟ್ಟೆ ಹಲಗೆಯಂತೆ ಗಟ್ಟಿಯಾಗುವುದು. ವಿಡೋ ವಿಷ ಶಿಶುಗಳಲ್ಲಿ ಹೀಗೆ ಕಾಣಿಸಿಕೊಂಡು ಹೊಟ್ಟೆನೋವಿನ ಕಾಯಿಲೆಯೆಂಬ ಭ್ರಮೆ ಹುಟ್ಟಿಸುವುದುಂಟು.
– ಬಾಯಿಂದ ಅತಿಯಾಗಿ ಜೊಲ್ಲು, ಕಣ್ಣೀರು, ಸ್ನಾಯುಗಳ ಅದುರು, ಪದೇಪದೇ ವಾಂತಿ, ಮಂಪರು.
– ಗಂಡುಮಗುವಿನ ಶಿಶ್ನ ನೋವಿನಿಂದ ಸೆಟೆದುಕೊಂಡಿರುವುದು. ಫೊನ್ಯೂಟ್ರಿಯಾ ಕಡಿತದ ಸೂಚನೆಯಿದು.
– ಮುಖ ಅಥವಾ ನಾಲಿಗೆಯ ಊತ, ಉಸಿರಾಟದಲ್ಲಿ ಸಿಳ್ಳೆ, ಮೈತುಂಬ ದದ್ದು. ಇದು ಅಲರ್ಜಿ, ಯಾವ ಜೇಡದಿಂದಲೂ ಆಗಬಹುದು.
– ಕಡಿದ ಜಾಗದ ನಡುಭಾಗ ನೀಲಿಗಟ್ಟಿ ಸುತ್ತ ಬಿಳಿಚಿಕೊಳ್ಳುವುದು. ಮುಂದಿನ ಎರಡು ಮೂರು ದಿನಗಳಲ್ಲಿ ಜ್ವರ, ಕಣ್ಣು ಹಳದಿಯಾಗುವುದು ಅಥವಾ ಮೂತ್ರ ಕಡುಗಂದಾಗುವುದು. ರಿಕ್ಲೂಸ್ ವಿಷ ರಕ್ತಕಣಗಳನ್ನು ಒಡೆಯುತ್ತಿರುವುದರ ಲಕ್ಷಣವಿದು, ದೊಡ್ಡವರಿಗಿಂತ ಮಕ್ಕಳಲ್ಲಿ ಹೆಚ್ಚು ಅಪಾಯಕಾರಿ.

ಹಿಡಿದ ಜೇಡವಿದ್ದರೆ ಮುಚ್ಚಳ ಬಿಗಿದ ಡಬ್ಬಿಯಲ್ಲಿ ಜೊತೆಗೆ ಒಯ್ಯಿರಿ, ಇಲ್ಲದಿದ್ದರೆ ಚಿತ್ರ ಸಾಕು. ಅದನ್ನು ಹುಡುಕಲೆಂದು ಹೊರಡುವುದನ್ನು ತಡಮಾಡಬೇಡಿ. ವೈದ್ಯರು ಚಿಕಿತ್ಸೆ ಕೊಡುವುದು ಮಗುವಿನ ಲಕ್ಷಣಗಳನ್ನು ನೋಡಿ.

8. ಮಗುವಿನ ಕೋಣೆಯನ್ನು ಅಣಿಗೊಳಿಸುವುದು

ಕೀಟನಾಶಕ ಸಿಂಪಡಿಸುವುದನ್ನು ನಾನು ಮೊದಲ ಉಪಾಯವಾಗಿ ಎಂದೂ ಹೇಳುವುದಿಲ್ಲ. ಜೇಡ ಕಾಲ್ತುದಿಗಳ ಮೇಲೆ ಮೈ ಎತ್ತಿ ನಡೆಯುವುದರಿಂದ ನೆಲದ ಮೇಲಿನ ಔಷಧ ಅದಕ್ಕೆ ಹೆಚ್ಚು ತಗಲುವುದಿಲ್ಲ. ಅದೇ ನೆಲದ ಮೇಲೆ ಅಂಗೈಯೂರಿ ತೆವಳಿ, ಆ ಕೈಯನ್ನೇ ಬಾಯಿಗಿಡುವ ಮಗುವಿಗೆ ತಗಲುತ್ತದೆ. ಸೀಮೆಸುಣ್ಣದಂತೆ ಕಾಣುವ ಕೀಟನಾಶಕ ಕಡ್ಡಿಗಳಂತೂ ಮಗುವಿರುವ ಮನೆಯಲ್ಲಿ ಇರಲೇಬಾರದು.

ತೊಟ್ಟಿಲು ಅಥವಾ ಮಂಚವನ್ನು ಗೋಡೆಯಿಂದ ಒಂದು ಗೇಣು ದೂರವಿಡಿ, ಹೊದಿಕೆಯ ಅಂಚು ನೆಲಕ್ಕೆ ತಾಗದಿರಲಿ. ಮಂಚದ ಅಡಿಯಲ್ಲಿ ಪೆಟ್ಟಿಗೆಗಳನ್ನು ಒಟ್ಟಬೇಡಿ. ಆಟಿಕೆಗಳಿಗೂ ಹಳೆಯ ಬಟ್ಟೆಗಳಿಗೂ ರಟ್ಟಿನ ಪೆಟ್ಟಿಗೆಯ ಬದಲು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ ಬಳಸಿ. ಮೂಲೆಗಳ ಬಲೆಯನ್ನು ವಾರಕ್ಕೊಮ್ಮೆ ಮೊಟ್ಟೆಚೀಲದ ಸಮೇತ ತೆಗೆಯಿರಿ. ಚೀಲ ಉಳಿದರೆ ಬಲೆ ಗುಡಿಸಿದ್ದು ವ್ಯರ್ಥ. ರಾತ್ರಿ ಹೊರಗಿನ ದೀಪವನ್ನು ಬೇಕಾದಷ್ಟೇ ಹೊತ್ತು ಉರಿಸಿ, ದೀಪಕ್ಕೆ ಬರುವ ಹುಳಗಳನ್ನು ಹಿಂಬಾಲಿಸಿಯೇ ಜೇಡ ಬರುವುದು. ಯಾವ ಜೇಡಗಳು ಓಡಾಡುತ್ತಿವೆ ಎಂದು ತಿಳಿಯಬೇಕಿದ್ದರೆ ಮಗುವಿನ ಕೈಗೆ ಎಟುಕದಂತೆ ಕಪಾಟಿನ ಹಿಂದೆ ಅಂಟುಪಟ್ಟಿಯನ್ನಿಟ್ಟು, ಸಿಕ್ಕವನ್ನು ನಾಲ್ಕನೆಯ ಹಂತದಂತೆ ಪರೀಕ್ಷಿಸಿ.

ಹೊರಗೆ ರಾತ್ರಿ ಕಳೆದ ಸೈಕಲ್ಲು, ಪುಟ್ಟ ಕುರ್ಚಿ, ಮರಳಾಟದ ಬಕೆಟ್ಟುಗಳನ್ನು ಮಗುವಿಗೆ ಕೊಡುವ ಮೊದಲು ಬೋರಲು ಹಾಕಿ ಅಡಿಯನ್ನು ಟಾರ್ಚಿನಿಂದ ನೋಡಿ, ಉದ್ದ ಹಿಡಿಯ ಬ್ರಷ್ಷಿನಿಂದ ಉಜ್ಜಿ. ಬೂಟುಗಳನ್ನೂ ನೆಲದ ಮೇಲೆ ಬಿದ್ದಿದ್ದ ಬಟ್ಟೆಗಳನ್ನೂ ಕೊಡವಿಯೇ ತೊಡಿಸಿ.